ಕತ್ತರಿಸದೆ ಬಿಟ್ಟ ಹನ್ನೊಂದು ಸೆಕೆಂಡು

ಇಂಡಿ ಊರಿನ ಮುಬಿನ ಹದಿನಾರು ವರ್ಷ ಹಿಂದಕ್ಕೆ ನಡೆದೇ ಬದುಕು ಕಟ್ಟಿಕೊಂಡವಳು. ಲಗ್ನದ ವಿಡಿಯೊ ತೆಗೆಯುವವರ ಪಾಡೇ ಅದು. ಮೆರವಣಿಗೆ ಮುಂದೆ ಬರುತ್ತಿರುತ್ತದೆ, ಕ್ಯಾಮೆರಾ ಅದರ ಮುಖ ನೋಡುತ್ತ ಹಿಂದಕ್ಕೆ ಸರಿಯುತ್ತಿರಬೇಕು. ಚರಂಡಿ ಬರಲಿ, ಎಮ್ಮೆ ಬರಲಿ, ಬ್ಯಾಂಡಿನವರೇ ಬರಲಿ, ಬೆನ್ನಿಗೂ ಕಣ್ಣಿದ್ದವಳಂತೆ ದಾಟಿಬಿಡುತ್ತಿದ್ದಳು. ಹೆಂಗಸರ ಕಡೆಯ ಚಿತ್ರೀಕರಣಕ್ಕೆ ಹೆಂಗಸೇ ಬೇಕು ಎಂದ ನಾಲ್ಕಾರು ಮನೆಗಳಿಂದ ಶುರುವಾದ ಕಸುಬು ಈಗ ಚಡಚಣದಿಂದ ಕೊಲ್ಹಾರದವರೆಗೆ ಹಬ್ಬಿತ್ತು. "ನಾ ಒಮ್ಮೆನೂ ಎಡವಿಲ್ರಿ" ಎಂದು ಎದೆಯುಬ್ಬಿಸಿ ಹೇಳಿಯೇ ಲಗ್ನದ ತಾರೀಖು ಬರೆದುಕೊಳ್ಳುತ್ತಿದ್ದಳು.

ಅಂಥವಳಿಗೆ ಹೈಸ್ಕೂಲು ಹುಡುಗಿಯರ ರಗ್ಬಿ ಹಿಡಿಸಿದ್ದರಲ್ಲಿ ಆಶ್ಚರ್ಯವೇನು? ಆ ಆಟದಲ್ಲಿ ಓಡುವುದು ಮುಂದಕ್ಕೆ, ಆದರೆ ಕೈಯಿಂದ ಚೆಂಡು ಕೊಡುವುದು ಹಿಂದಿನವಳಿಗೇ. "ಇದು ನನ್ನ ಆಟ!" ಎಂದವಳೇ ಇಂಡಿ, ಮುದ್ದೇಬಿಹಾಳ, ಸಿಂದಗಿ, ಬಸವನ ಬಾಗೇವಾಡಿ ಶಾಲೆಗಳ ತಂಡಗಳ ಮೇಲೆ ನಾಲ್ಕು ಕಂತಿನ ಸಾಕ್ಷ್ಯಚಿತ್ರ ಮಾಡಲು ಹೊರಟಳು. ಮಾಡು ಎಂದು ಯಾರೂ ಕೇಳಿರಲಿಲ್ಲ. ಕೇಳಲಿ ಎಂದು ಕಾಯುವ ಜಾಯಮಾನ ಅವಳದಲ್ಲ. ಒಂದೊಂದು ಕಂತು ಮುಗಿದಂತೆ ಯೂಟ್ಯೂಬಿಗೆ ಹಾಕುವಳು, ಆ ಊರಿನ ಶಾಲೆಯಲ್ಲಿ ಪರದೆ ಕಟ್ಟಿ ತೋರಿಸುವಳು.

ಎರಡು ಕಂತು ಭರ್ಜರಿಯಾಗಿ ಹೋದವು. ಮೂರನೆಯದನ್ನು ಸಿಂದಗಿಯಲ್ಲಿ ತೋರಿಸಿದ ದಿನ ಎಲ್ಲರೂ ಚಪ್ಪಾಳೆ ತಟ್ಟಿದರು. ತಂಡದ ನಾಯಕಿ, ಹತ್ತನೇ ತರಗತಿಯ ಪ್ರಿಯದರ್ಶಿನಿ ಮಾತ್ರ ಮುಖ ಊದಿಸಿಕೊಂಡು ಬಂದಳು. ಕುರಿಗಳನ್ನು ಗಂಡನಿಗೆ ಒಪ್ಪಿಸಿ ಮಗಳ ಆಟ ನೋಡಲೆಂದು ಬಂದಿದ್ದ ಅವಳ ತಾಯಿ ಚಂದವ್ವ ಹಿಂದೆ ನಿಂತಿದ್ದಳು.

"ಅಕ್ಕಾರ, ನಾ ಬಿದ್ದದ್ದು ಎಲ್ಲಿ ಹೋತ್ರಿ?"

"ತೆಗದೇನವಾ. ಮಕಾಡೆ ಬಿದ್ದಿದ್ದಿ, ಛಲೋ ಕಾಣ್ತಿರಲಿಲ್ಲ."

ಇದು ಮುಬಿನಳ ಕಸುಬಿನ ಮರ್ಯಾದೆ. ಲಗ್ನದಲ್ಲಿ ಯಾರಾದರೂ ಜಾರಿ ಬಿದ್ದರೆ, ಬೀಗರು ಊಟಕ್ಕೆ ಮುನಿಸಿಕೊಂಡರೆ, ಅದಕ್ಕೆ ಕತ್ತರಿ ಬೀಳಲೇಬೇಕು. ಹುಡುಗಿಗೆ ಉಪಕಾರ ಮಾಡಿದೆನೆಂದೇ ಅವಳು ತಿಳಿದಿದ್ದಳು.

"ಬಿದ್ದದ್ದಽ ನನ್ನ ಆಟ ಇತ್ರಿ! ಮೂರು ಮಂದಿ ಜಗ್ಗಿ ಕೆಡವಿದ್ರೂ, ಬೀಳೂ ಹೊತ್ತಿನಾಗ ಚೆಂಡು ಹಿಂದಿನಾಕಿ ಕೈಗೆ ಮುಟ್ಟಿಸೇನಿ. ಅದಕ್ಕಽ ನಾವು ಗೆದ್ದಿದ್ದು. ನಮ್ಮವ್ವ ಅದನ್ನ ನೋಡಾಕ ಬಂದಾಳ್ರಿ."

ಮುಬಿನಳಿಗೆ ಆಗ ತಪ್ಪು ಹೊಳೆಯಿತು. ಪರದೆಯ ಮೇಲೆ ಚೆಂಡು ಇನ್ನೊಬ್ಬಳ ಕೈಗೆ ಮುಗಿಲಿನಿಂದ ಉದುರಿದಂತೆ ಬಂದಿತ್ತು, ಅಷ್ಟೇ. ಮತ್ತೆ ಸೇರಿಸೋಣವೆಂದರೆ ಮೂಲ ಚಿತ್ರವೂ ಇಲ್ಲ. ಅಗರಖೇಡದ ಲಗ್ನವೊಂದಕ್ಕೆಂದು ಕ್ಯಾಮೆರಾದ ಕಾರ್ಡು ಖಾಲಿ ಮಾಡಿ ಎಲ್ಲ ಅಳಿಸಿಬಿಟ್ಟಿದ್ದಳು.

"ನಿಮ್ಮ ಕಡೇ ಪಂದ್ಯ ಬಾಗೇವಾಡ್ಯಾಗ ಐತಲ್ಲ, ಅಲ್ಲಿ ಛಂದ ತೆಗೀತೇನಿ ಬಿಡು."

"ನನ್ನ ತೆಗೀಬ್ಯಾಡ್ರಿ. ತೆಗೀಬೇಕಂದ್ರ ಮಾತು ಕೊಡ್ರಿ, ಯಾರು ಬಿದ್ರೂ ಕತ್ತರಸೂದಿಲ್ಲ ಅಂತ."

"ಕೊಟ್ಟೆ ತಗೋ! ಯಾರಽ ಬೀಳಲಿ, ಇದ್ದಂಗ ಇಡ್ತೇನಿ."

ಬಾಗೇವಾಡಿಯ ಮೈದಾನದಲ್ಲಿ ಆ ಹುಡುಗಿ ಬೀಳಬೇಕಲ್ಲ! ಯಾರ ಕೈಗೂ ಸಿಗಲೊಲ್ಲಳು. ಎರಡೂ ತಂಡ ಸಮಸಮ ನಿಂತಿದ್ದವು, ಕೊನೆಯ ನಿಮಿಷ. ಚೆಂಡು ಬಗಲಲ್ಲಿ ಅವುಚಿಕೊಂಡು ಪ್ರಿಯದರ್ಶಿನಿ ಅಂಚಿನ ಗೆರೆಗುಂಟ ಕಿತ್ತಳು ನೋಡಿ ಓಟ. ಗೆರೆಯ ಹೊರಗೆ, ಅವಳ ಮುಖಕ್ಕೆ ಮುಖ ಕೊಟ್ಟು, ಮುಬಿನ ಹಿಂದಕ್ಕೆ ಓಡತೊಡಗಿದಳು. ಮೆರವಣಿಗೆ ಯಾವತ್ತೂ ಇಷ್ಟು ಜೋರಾಗಿ ಬಂದಿರಲಿಲ್ಲ. ಮೂಲೆಯ ಬಾವುಟದ ಕೋಲು ಕಾಲಿಗೆ ತೊಡರಿತು. ಹದಿನಾರು ವರ್ಷ ಎಡವದವಳು ನಾಲ್ಕು ಊರಿನ ಜನರೆದುರು ದೊಪ್ಪೆಂದು ಅಂಗಾತ ಬಿದ್ದಳು.

ಹುಡುಗಿ ಗೆರೆ ದಾಟಿ ಚೆಂಡನ್ನು ನೆಲಕ್ಕೊತ್ತಿ ಪಂದ್ಯ ಗೆದ್ದು, ಗೆಳತಿಯರು ಬಂದು ತಬ್ಬುವ ಮೊದಲೇ ಇತ್ತ ಓಡಿಬಂದು ಕೈ ಚಾಚಿದಳು.

"ಏಳ್ರಿ ಅಕ್ಕಾರ. ಕ್ಯಾಮೆರಾ ಚಾಲೂ ಐತಿ."

ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತಾಗ ಗಂಡ ಜಾಹಿದ ಹಣಕಿ ನೋಡಿದ. "ಹನ್ನೊಂದಽ ಸೆಕೆಂಡ್ ಐತಿ, ತೆಗದು ಒಗಿ. ಮುಂದ ಲಗ್ನದ ಸೀಸನ್. ಬಿದ್ದಾಕಿ ಅಂತ ಹೆಸರು ಆದ್ರ ಯಾರು ಕರೀತಾರ ನಿನ್ನ?"

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಎಡವದವಳು ಎಂಬ ಹೆಸರೇ ಅವಳ ಅಂಗಡಿ. ಮುಬಿನಳಿಗೆ ನಾಚಿಕೆಯಾಯಿತು. ಬೆರಳು ತಾನಾಗಿ ಅಳಿಸುವ ಗುಂಡಿಯ ಮೇಲೆ ಹೋಯಿತು.

"ಇರಲಿ," ಎಂದು ಬೆರಳು ತೆಗೆದಳು. "ಮಾತು ಕೊಟ್ಟೇನಿ."

ಕಡೆಯ ಕಂತಿಗೆ ಸಿಂದಗಿಯಲ್ಲೂ ಮತ್ತೆ ಪರದೆ ಕಟ್ಟಿದರು. ಕ್ಯಾಮೆರಾ ಉರುಳಿತು, "ಯಾ ಅಲ್ಲಾ!" ಎಂಬ ಕೂಗು ಕೇಳಿತು, ಆಮೇಲೆ ಬರೀ ಮುಗಿಲು. ಜನ ಬಿದ್ದು ಬಿದ್ದು ನಕ್ಕರು. ಆ ಮುಗಿಲಿನ ಮೇಲೆ ಮುಬಿನಳ ದನಿ ಬಂತು: "ಹೋದ ಪಂದ್ಯದಾಗ ಪ್ರಿಯದರ್ಶಿನಿ ನನಗಿಂತ ಜೋರ ಬಿದ್ದಿದ್ಲು. ಬೀಳ್ತಾ ಬೀಳ್ತಾ ಚೆಂಡು ಕೊಟ್ಟು ತಂಡ ಗೆಲ್ಲಿಸಿದ್ಲು. ಅದನ್ನ ಕತ್ತರಿಸಿದಾಕಿ ನಾನು. ತಪ್ಪಾತು." ಒಂದು ಎಳೆಯ ಕೈ ಪರದೆಯೊಳಗೆ ಇಳಿದುಬಂತು.

ನಗು ನಿಂತಿತ್ತು. ಚಂದವ್ವ ಮಗಳ ಕಡೆ ತಿರುಗಿದಳು. "ಇದಕ್ಕಿಂತ ಜೋರ ಬಿದ್ದಿದ್ದೇನ?"

"ಹೂಂ ಯವ್ವಾ."

"ಬಿದ್ರೂ ಚೆಂಡು ಕೊಟ್ಟಿ?"

"ಕೊಟ್ಟೆ."

ಚಂದವ್ವ ಮಗಳ ಬೆನ್ನ ಮೇಲೆ ಕೈಯಾಡಿಸುತ್ತ ಕುಳಿತಳು.

ಮರುದಿನ ಬೆಳಗ್ಗೆ ಚಡಚಣದಿಂದ ಫೋನು. "ರಗ್ಬಿ ವಿಡಿಯೊದಾಗ ಬಿದ್ದಾಕಿ ನೀವಽ ಏನ್ರಿ? ಮಗಳ ಲಗ್ನ ಇಟ್ಕೊಂಡೇವಿ."

ಜಾಹಿದ ಅವಳ ಮುಖವನ್ನೇ ನೋಡುತ್ತಿದ್ದ. ಮುಬಿನ ಲಗ್ನದ ತಾರೀಖಿನ ವಹಿ ಬಿಚ್ಚಿ ಪೆನ್ನು ಹಿಡಿದಳು.

"ಹೌದ್ರಿ, ಬಿದ್ದು ಎದ್ದಾಕಿ ನಾನಽ. ತಾರೀಖು ಹೇಳ್ರಿ."