ಜಯಮ್ಮನ ತಟ್ಟೆಗೆ ನಾನು ಹಾಕಿದ ಸೊಪ್ಪು

ನಿವೃತ್ತಿಯ ಹಿಂದಿನ ವರ್ಷ ನಾನು ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿ ಕಡೆಯ ಹಳ್ಳಿಗಳಿಗೆ ರೇಷ್ಮೆ ವಿಸ್ತರಣಾಧಿಕಾರಿಯಾಗಿದ್ದೆ. ಅಲ್ಲಿನ ಒಂದು ಊರಲ್ಲಿ ಸಾಲಾಗಿ ಎರಡು ಬೆಳೆ ಹಾಲುತೊಂಡೆ ರೋಗಕ್ಕೆ ಹೋಗಿತ್ತು. ಈ ರೋಗ ಬಂದ ಹುಳು ಊದಿಕೊಂಡು, ಮೈಯೊಡೆದು, ಹಾಲಿನಂಥ ನೀರು ಸುರಿಸಿ ಸಾಯುತ್ತದೆ. ಆ ನೀರು ಅಂಟಿದ ಕೈಯಿಂದ ಸೊಪ್ಪಿಗೆ, ಸೊಪ್ಪಿನಿಂದ ಬೇರೆ ಹುಳುಗಳಿಗೆ ವೈರಸ್ ದಾಟುತ್ತದೆ. ಮೂರನೇ ಬೆಳೆಯೂ ಕೈಕೊಟ್ಟರೆ ಹಿಪ್ಪುನೇರಳೆ ಕಿತ್ತುಹಾಕುತ್ತೇನೆ ಎಂದು ಹಿರಿಯ ಬೆಳೆಗಾರ ಪುಟ್ಟಮಾದೇಗೌಡರು ಹೇಳಿಬಿಟ್ಟಿದ್ದರು. ಅವರು ಕಿತ್ತರೆ ಉಳಿದವರೂ ಕೀಳುವವರೇ.

ಪ್ರೊಜೆಕ್ಟರ್ ಹೊತ್ತುಕೊಂಡು ಹೋದೆ. ಸೋಂಕು ನಿವಾರಣೆಯ ಮೇಲೆ ಮೂವತ್ತೆರಡು ಸ್ಲೈಡು, ಬಣ್ಣಬಣ್ಣದ ಗ್ರಾಫು. ಇಲಾಖೆಯಲ್ಲಿ ನನ್ನ ಪ್ರೆಸೆಂಟೇಶನ್ನಿಗೆ ಹೆಸರಿತ್ತು, ನನಗೂ ಜಂಬವಿತ್ತು. ಹನ್ನೆರಡನೇ ಸ್ಲೈಡಿಗೆ ಆಕಳಿಕೆ ಶುರುವಾಯಿತು. ಇಪ್ಪತ್ತಕ್ಕೆ ಬರುವಷ್ಟರಲ್ಲಿ ಅರ್ಧ ಜನ ಹುಳುವಿಗೆ ಸೊಪ್ಪು ಹಾಕಬೇಕೆಂದು ಎದ್ದು ಹೋದರು. ಆಗ ಊರಲ್ಲಿ ಒಂದೇ ಒಂದು ಹುಳುವೂ ಇರಲಿಲ್ಲ! ನನಗೆ ಮೈ ಉರಿದುಹೋಯಿತು.

ವೈರು ಸುತ್ತುತ್ತಿದ್ದಾಗ ಗೌಡರು ಹತ್ತಿರ ಬಂದರು. "ಮೇಡಂ, ನೀವೇಳಿದ್ದೆಲ್ಲ ಸರ್ಯಾಗೇ ಐತೆ. ಆದ್ರೆ ಇದು ಯಾರ ಮನೇಲಿ ಆಗಿದ್ದು ಅಂತ ಹೇಳ್ನೇ ಇಲ್ವಲ್ಲ?"

ಯಾರ ಮನೆಯಲ್ಲಿ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಇಪ್ಪತ್ತೆಂಟು ವರ್ಷದಿಂದ ಬಾಯಿಬಿಟ್ಟಿರಲಿಲ್ಲ, ಅಷ್ಟೆ.

ಮುಂದಿನ ವಾರ ಬರಿಗೈಯಲ್ಲಿ ಹೋಗಿ, ಹಾಲಿನ ಡೇರಿಯ ಜಗಲಿ ಮೇಲೆ ಎಲ್ಲರ ಜೊತೆ ಕೂತು ಶುರುಮಾಡಿದೆ. ನನ್ನ ಮೊದಲ ಪೋಸ್ಟಿಂಗ್ ಮಾಗಡಿ ಕಡೆ. ಒಂದು ಮನೆಯಲ್ಲಿ ರೋಗದ ಹುಳುಗಳನ್ನು ಹಿಚುಕಿ ನೋಡಿ, ಸೆರಗಿಗೆ ಬೆರಳೊರೆಸಿಕೊಂಡು ಹೊರಬಿದ್ದೆ. ಪಕ್ಕದ ಮನೆಯ ಜಯಮ್ಮ ಕರೆದಳು. ನನ್ನ ವಯಸ್ಸಿನವಳೇ, ಅದೇ ಮೊದಲ ಸಲ ಹುಳು ಸಾಕಿದ್ದಳು. "ನಿಮ್ ಕೈಗುಣ ಚೆಂದಾಗೈತಂತೆ. ನೀವೇ ಒಂದಿಡಿ ಸೊಪ್ಪಾಕಿ ಮೇಡಂ" ಎಂದಳು. ಬೇಕಾದವರು ಬಂದರೆ ಹಾಗೆ ಕೇಳುವುದುಂಟು. ನಾನು ಉಬ್ಬಿಹೋಗಿ ಸೊಪ್ಪಿನ ಬುಟ್ಟಿಗೆ ಕೈಹಾಕಿದೆ.

ಅಷ್ಟು ಹೇಳಿ ಬೇಕೆಂದೇ ನಿಲ್ಲಿಸಿದೆ. ಈ ಸಲ ಯಾರೂ ಎದ್ದು ಹೋಗಲಿಲ್ಲ. ಹಿಂದೆ ಕೂತಿದ್ದ ಹೆಂಗಸೊಬ್ಬಳು ತಡೆಯಲಾರದೆ ಕೇಳಿದಳು: "ಕೈ ತೊಳ್ಕಂಡಿದ್ರಾ?"

"ಇಲ್ಲ ಕಣವ್ವ" ಎಂದೆ.

ಆರನೇ ದಿನಕ್ಕೆ ಜಯಮ್ಮನ ಹುಳುಗಳು ಊದಿಕೊಂಡವು. ತಪ್ಪು ನನ್ನದೆಂದು ನಾನು ಹೇಳಲೇ ಇಲ್ಲ. ಅವಳು ತನ್ನ ಹಣೆಬರಹ ಎಂದುಕೊಂಡು ಹುಳು ಸಾಕುವ ತಟ್ಟೆಗಳನ್ನು ಅಟ್ಟಕ್ಕೇರಿಸಿದಳು. ಇಷ್ಟು ಹೇಳುವಷ್ಟರಲ್ಲಿ ನನಗೆ ನಾಚಿಕೆಯಾಯಿತು. ಆಮೇಲೆ ಬ್ಲೀಚಿಂಗ್ ಪೌಡರ್ ಎಷ್ಟು, ಸುಣ್ಣ ಎಷ್ಟು ಎಂದು ಜನರೇ ಕೇಳಿ ಬರೆದುಕೊಂಡರು. ಅದೆಲ್ಲ ಹಿಂದಿನ ವಾರದ ಸ್ಲೈಡಿನಲ್ಲೇ ಇತ್ತು.

ಮೂರನೇ ಬೆಳೆಯ ಹುಳು ಹಣ್ಣಾಗಿ ಗೂಡು ಕಟ್ಟುವ ಮುಂಚೆ ಗೌಡರ ಹುಳುಮನೆಗೆ ಹೋದೆ. ಅವರು ಬಾಗಿಲಿಗೆ ಕೈ ಅಡ್ಡ ಇಟ್ಟರು. "ಅಲ್ಲೇ ನಿಂತ್ಕಳಿ ಮೇಡಂ. ಬಕೆಟ್ಟೈತೆ, ಕೈಕಾಲು ತೊಳ್ಕಂಡು ಬನ್ನಿ. ಜಯಮ್ಮನ ಕತೆ ಗೊತ್ತಿಲ್ವಾ ನಿಮ್ಗೆ?"

ನನ್ನ ಕತೆ ನನಗೇ! ನಗುವೂ ಬಂತು, ಎದೆಯೂ ಉಬ್ಬಿತು. ಯಾವ ಬಡ್ತಿಯೂ ನನಗೆ ಅಷ್ಟು ಹೆಮ್ಮೆ ತಂದಿರಲಿಲ್ಲ. ಆ ಸಲದ ಗೂಡು ರಾಮನಗರದ ಮಾರುಕಟ್ಟೆ ತಲುಪಿತು, ಹಿಪ್ಪುನೇರಳೆ ಉಳಿಯಿತು. ಜನರ ಮುಂದೆ ಮಾತಿಗೆ ನಿಂತವರು ಮೊದಲು ಯಾರ ಮನೆಯಲ್ಲಿ ಆಯಿತೆಂದು ಹೇಳಬೇಕು, ತಮ್ಮಿಂದ ಆಗಿದ್ದರೆ ಅದನ್ನೂ ಹೇಳಬೇಕು ಎಂದು ನೌಕರಿ ನನಗೆ ಕೊನೆಗಾಲದಲ್ಲಿ ಕಲಿಸಿತು.

ಅವತ್ತು ಕೈತೊಳೆದು ಒಳಗೆ ಹೋದಾಗ ಗೌಡರು ಬುಟ್ಟಿಯನ್ನು ನನ್ನ ಮುಂದೆ ಇಟ್ಟರು.

"ಈಗ ಹಾಕಿ ಮೇಡಂ, ಒಂದಿಡಿ."