ಹನ್ನವ್ವನ ಮೂರನೆಯ ಬಟ್ಟಲು

ರಾಜಾಜಿನಗರದಲ್ಲಿ ನಾನು ಕಾಫಿಪುಡಿ ಕೊಳ್ಳುವ ಅಂಗಡಿಯವರು ಸಂಜೆ ಹೊತ್ತಿಗೆ ಬೀಜ ಹುರಿಯುತ್ತಾರೆ. ಅದೇ ಹೊತ್ತಿಗೆ ಲೋಬಾನದ ಸಾಬರೊಬ್ಬರು ಹೊಗೆಯ ಬಟ್ಟಲು, ನವಿಲುಗರಿ ಹಿಡಿದು ಬೀದಿಯ ಅಂಗಡಿಗಳಿಗೆಲ್ಲ ಹೊಗೆ ತೋರಿಸಿಕೊಂಡು ಬರುತ್ತಾರೆ. ಆ ಹೊಗೆ ಕಾಫಿಯ ಘಮದೊಳಗೆ ಸೇರಿಕೊಳ್ಳುವ ಗಳಿಗೆಯಲ್ಲಿ ನಾನು ರಾಜಾಜಿನಗರದಲ್ಲಿ ಇರುವುದಿಲ್ಲ. ನಾಗರಬಾವಿಯ ನಮ್ಮ ಹಳೆಯ ಮನೆಯ ಮಹಡಿ ಮೆಟ್ಟಿಲು ಹತ್ತುತ್ತಿರುತ್ತೇನೆ. ಮುಂದೆ ಅಜ್ಜಿ ಮಂಡಿ ಹಿಡಿದುಕೊಂಡು, ಒಂದೊಂದು ಮೆಟ್ಟಿಲಿಗೂ ಒಂದೊಂದು ದೇವರನ್ನು ಕರೆಯುತ್ತಾ ಹೋಗುತ್ತಿರುತ್ತಾಳೆ. ಅಂಗಡಿಯವರು "ಚಿಕೋರಿ ಎಷ್ಟು ಹಾಕ್ಲಿ ಮೇಡಂ?" ಎಂದು ಎರಡು ಸಲ ಕೇಳಬೇಕಾಗುತ್ತದೆ. ನಿಮಗೂ ಇಂಥದೊಂದು ವಾಸನೆ ಇರುತ್ತದೆ. ಅದು ಬಂದಾಗ ಯಾವ ಮನೆಯ ಬಾಗಿಲು ತೆರೆಯುತ್ತದೆ ಎಂಬುದು ನಿಮಗೊಬ್ಬರಿಗೇ ಗೊತ್ತಿರುತ್ತದೆ.

ಆ ಮನೆ ಈಗಿಲ್ಲ. ಅಲ್ಲೊಂದು ಎತ್ತರದ ಪೀಜಿ ಎದ್ದಿದೆ. ಬಾಲ್ಕನಿಗಳ ತುಂಬ ಯಾವಯಾವುದೋ ರಾಜ್ಯದ ಹುಡುಗರ ಟವೆಲುಗಳು ಒಣಗುತ್ತವೆ. ನಾವಿದ್ದಾಗ ಕೆಳಗೊಂದು ಮನೆ, ಮೇಲೊಂದು ಕೋಣೆ, ಅಷ್ಟೇ. ಅಪ್ಪ ಗದಗಿನಿಂದ ವರ್ಗವಾಗಿ ಬಂದ ಸರ್ಕಾರಿ ನೌಕರ. ತಾತ ತೀರಿಕೊಂಡ ಮೇಲೆ ಅಜ್ಜಿಯನ್ನೂ ಕರೆತಂದ. ಅಜ್ಜಿ ಗಂಗವ್ವನಿಗೆ ಬೆಂಗಳೂರು ಹಿಡಿಸಲಿಲ್ಲ. ಇಲ್ಲಿಯ ನೀರಿಗೆ ರುಚಿಯಿಲ್ಲ, ಜೋಳದ ಹಿಟ್ಟಿಗೆ ಜಿಗಿಯಿಲ್ಲ, ತಾನು ಬಾಯಿ ತೆರೆದರೆ ತರಕಾರಿ ಗಾಡಿಯವನು ನಗುತ್ತಾನೆ. ಮುನಿಸು ಬಂದಾಗಲೆಲ್ಲ ಚೀಲಕ್ಕೆ ಸೀರೆ ತುಂಬಿ "ನನ್ನ ಊರಿಗೆ ಕಳಸರಿ" ಎಂದು ಬಾಗಿಲಲ್ಲಿ ಕೂರುತ್ತಿದ್ದಳು. ಅವಳ ಜೊತೆ ಕೂತು ಮಾತಾಡುವವರು ಒಬ್ಬರೂ ಇರಲಿಲ್ಲ. ನಾನಿದ್ದೆ, ಆದರೆ ನಾನು ಸ್ಕೂಲಿಗೆ ಹೋಗುತ್ತಿದ್ದೆ, ಬೆಂಗಳೂರಿನ ಕನ್ನಡ ಆಡುತ್ತಿದ್ದೆ. ಅದು ಅವಳ ಲೆಕ್ಕಕ್ಕೆ ಮಾತೇ ಅಲ್ಲ.

ಎದುರು ಮನೆಯ ನಂಜಮ್ಮನವರು ಆ ಜಾಗದ ಮೂಲ ನಿವಾಸಿಗಳು. ನಮ್ಮ ಬೀದಿಯೆಲ್ಲ ಒಂದು ಕಾಲಕ್ಕೆ ಅವರ ರಾಗಿ ಹೊಲ. ಹೊಲ ಹೋಗಿ ಸೈಟಾಗಿ, ಅವರ ಕೈಗೆ ಬಾಡಿಗೆ ಮನೆಗಳು ಬಂದಿದ್ದವು, ಆದರೂ ಒಂದು ಹಸುವನ್ನು ಮಾತ್ರ ಬಿಟ್ಟಿರಲಿಲ್ಲ. ಅಜ್ಜಿ ಪೂಜೆಗೆ ಹೂವು ಕೇಳಲು ಹೋದಾಗಲೆಲ್ಲ ಅವರು ಸಾವಧಾನವಾಗಿ ಹೇಳುತ್ತಿದ್ದರು: "ನಿಮ್ ದ್ಯಾವ್ರ ಮನೆ ಐತಲ್ಲವ್ವ, ಅಲ್ಲೇ ನಮ್ ಎಮ್ಮೆ ಕಟ್ತಿದ್ದಿದ್ದು." ಅಜ್ಜಿ ಮನೆಗೆ ಬಂದು ದೇವರ ಮನೆಯನ್ನು ಮತ್ತೊಮ್ಮೆ ಒರೆಸುತ್ತಿದ್ದಳು. ನಂಜಮ್ಮನವರ ಕಣ್ಣಿಗೆ ನಾವು ನಿನ್ನೆ ಮೊನ್ನೆ ಬಸ್ಸಿಳಿದು ಬಂದವರು, ನಾಳೆ ಹೋದರೂ ಹೋಗಬಹುದಾದವರು.

ಮೇಲಿನ ಕೋಣೆಯನ್ನು ಬಾಡಿಗೆಗೆ ಕೊಡಲು ಅಪ್ಪ ಬೋರ್ಡು ಹಾಕಿದ. ಹತ್ತಿರದಲ್ಲೇ ಯೂನಿವರ್ಸಿಟಿ ಇದ್ದುದರಿಂದ ಕೇಳಿಕೊಂಡು ಬರುವ ವಿದ್ಯಾರ್ಥಿಗಳಿಗೆ ಬರವಿರಲಿಲ್ಲ. ಆದರೆ ಪರೀಕ್ಷೆ ಮಾಡುವವಳು ಅಜ್ಜಿ. "ಲಿಂಗ ಕಟ್ಟಿದವ್ರಿಗಷ್ಟ ಕೊಡೂದು. ಇಲ್ಲಂದ್ರ ಖಾಲೀನ ಇರಲಿ" ಎಂದು ಅವಳ ಕಾನೂನು. ಬಂದವರ ಹೆಸರು ಕೇಳುವ ಮೊದಲು ಕೊರಳು ನೋಡುತ್ತಿದ್ದಳು. ಲಾ ಓದುವ ಹುಡುಗನೊಬ್ಬನನ್ನು, ಇವನು ಮುಂದೆ ನಮ್ಮ ಮೇಲೇ ಕೇಸು ಹಾಕುತ್ತಾನೆಂದು ವಾಪಸ್ಸು ಕಳಿಸಿದಳು. ಮಳೆಗಾಲ ಹೋಗಿ ಚಳಿಗಾಲ ಬಂದರೂ ಕೋಣೆಗೆ ಬೀಗವೇ. ಅಪ್ಪ ಬೋರ್ಡಿನ ಮೇಲಿನ ಧೂಳು ಒರೆಸಿ ಒರೆಸಿ ಅಕ್ಷರಗಳೇ ಮಾಸಿಹೋಗಿದ್ದವು.

ಹಾಗಿರುವಾಗ ಒಂದು ಬೆಳಿಗ್ಗೆ, ಯೂನಿವರ್ಸಿಟಿಯಲ್ಲಿ ಓದಲು ಬಂದಿದ್ದ ಹನ್ನಾ ಕೋಣೆ ಕೇಳಿಕೊಂಡು ಬಂದಳು. ಎತ್ತರದ ಹುಡುಗಿ, ದೊಡ್ಡ ಕಣ್ಣು, ತಲೆಗೆ ಬಿಳಿಯ ಹತ್ತಿಯ ಮೇಲುಹೊದಿಕೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಎರಡೂ ಕೈ ಮುಗಿದು ಬಗ್ಗಿದಳು. ಬಗ್ಗಿದಾಗ ಅಜ್ಜಿಗೆ ಕಂಡಿದ್ದು ಕೊರಳಲ್ಲಿದ್ದ ಕಪ್ಪು ದಾರ. ದಾರ ಅಂಗಿಯ ಒಳಕ್ಕೆ ಇಳಿದಿತ್ತು, ತುದಿಯಲ್ಲಿ ಏನೋ ತೂಗುತ್ತಿತ್ತು. ಅಜ್ಜಿ ನನ್ನ ತೋಳು ಚಿವುಟಿದಳು. "ನೋಡಬೇ, ಶಿವದಾರ. ನಮ್ಮ ಪೈಕೀನ ಇದ್ದಾಳ." ಊರು ಯಾವುದೆಂದು ಕೇಳಿದ್ದಕ್ಕೆ ಹನ್ನಾ ಇಥಿಯೋಪಿಯಾ ಎಂದಳು.

"ಅದೆಲ್ಲಿ ಬಂತೋ? ಬಿಜಾಪುರದ ಆಚೀಕನ?" ಎಂದು ಅಜ್ಜಿ ಅಪ್ಪನನ್ನು ಕೇಳಿದಳು.

ಅಪ್ಪ ಒಂದು ಕ್ಷಣ ಖಾಲಿ ಕೋಣೆಯ ಕಡೆ ನೋಡಿದ. "ಇನ್ನೊಂದೀಟು ಆಚೀಕ, ಯವ್ವಾ" ಎಂದ.

ಬಾಡಿಗೆ ಮಾತು ಅಲ್ಲಿಗೆ ಮುಗಿಯಿತು. ಮನೆಯಲ್ಲಿ ಮಾಂಸ ಬೇಯಿಸಬಾರದೆಂಬ ಷರತ್ತಿಗೆ ಹನ್ನಾ ತಲೆಯಾಡಿಸಿದಳು. ಆಮೇಲೆ ನೋಡಿದರೆ ಅವಳು ಬುಧವಾರ, ಶುಕ್ರವಾರ ಹಾಲನ್ನೂ ಮುಟ್ಟುವವಳಲ್ಲ. ವರ್ಷದಲ್ಲಿ ತಿಂಗಳುಗಟ್ಟಲೆ ಮಧ್ಯಾಹ್ನದವರೆಗೆ ನೀರು ಕೂಡ ಕುಡಿಯುವವಳಲ್ಲ. ನಮ್ಮ ಮನೆಯ ಸೋಮವಾರದ ಉಪವಾಸವೆಂದರೆ ಸಾಬೂದಾನಿ, ಬಾಳೆಹಣ್ಣು, ಶೇಂಗಾ ಉಂಡೆ, ಮೇಲೊಂದು ಲೋಟ ಕೆನೆಹಾಲು. ಅಜ್ಜಿ ಊಟದ ಹೊತ್ತಿಗೆ ಅಪ್ಪನಿಗೆ ಕೇಳಿಸುವ ಹಾಗೆ "ಖರೇ ಲಿಂಗವಂತರು ಅಂದ್ರ ಮ್ಯಾಲ ಅದಾಳ ನೋಡು" ಎನ್ನುತ್ತಿದ್ದಳು. ವಾರ ಕಳೆಯುವುದರೊಳಗೆ ಹನ್ನಾ ಹನ್ನವ್ವನಾದಳು.

ಇನ್ನು ಕಾಫಿ. ಅಜ್ಜಿ ಹುಟ್ಟಾ ಚಹಾದವಳು, ಬೆಂಗಳೂರಿನ ಫಿಲ್ಟರ್ ಕಾಫಿಯನ್ನು ಕಷಾಯವೆಂದು ಕರೆಯುತ್ತಿದ್ದವಳು. ಭಾನುವಾರ ಸಂಜೆ ಹನ್ನಾ ನಮ್ಮನ್ನು ಮೇಲಕ್ಕೆ ಕರೆದಳು. ನೆಲಕ್ಕೆಲ್ಲ ಹಸಿ ಹುಲ್ಲು ಹರಡಿದ್ದಳು. ಪಕ್ಕದ ಖಾಲಿ ಸೈಟಿನಿಂದ ಕೊಯ್ದು ತಂದಿದ್ದಂತೆ. ಹಸಿ ಬೀಜವನ್ನು ಕಬ್ಬಿಣದ ಹೆಂಚಿನ ಮೇಲೆ ಹುರಿದು, ಹೊಗೆಯೇಳುವ ಹೆಂಚನ್ನು ಒಬ್ಬೊಬ್ಬರ ಮುಖದ ಹತ್ತಿರವೂ ಹಿಡಿದಳು. ಕೆಂಡದ ಮೇಲೆ ಲೋಬಾನ ಉದುರಿಸಿದಳು. ಬೀಜ ಕುಟ್ಟಿ ಪುಡಿಮಾಡಿ, ಉದ್ದ ಕೊರಳಿನ ಮಣ್ಣಿನ ಹೂಜಿಯಲ್ಲಿ ಕಾಫಿ ಕುದಿಸಿ, ಹಿಡಿಯಿಲ್ಲದ ಪುಟ್ಟ ಬಟ್ಟಲುಗಳಿಗೆ ಎತ್ತರದಿಂದ ಬಗ್ಗಿಸಿದಳು. ಜೊತೆಗೆ ಹುರಿದ ಜೋಳದ ಅರಳು. ಅದನ್ನು ಕಂಡು ಅಜ್ಜಿ ಕರಗಿಹೋದಳು. ಅವಳ ಪಂಚಮಿ ಹಬ್ಬದ ಅಳ್ಳು ಈ ಊರಲ್ಲಿ ಸಿಕ್ಕಿದ್ದು ಅದೇ ಮೊದಲು. ಅದೇ ಪುಡಿಗೆ ಮತ್ತೆ ನೀರು ಹೊಯ್ದು ಎರಡನೇ ಸಲ, ಮತ್ತೆ ಮೂರನೇ ಸಲ ಕಾಯಿಸುವುದು ಅವರ ಪದ್ಧತಿ. ಹನ್ನಾ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಅನುವಾದ ಮಾಡಿದೆ: "ಮೂರನೇದು ಆಶೀರ್ವಾದ ಅಂತೆ ಅಜ್ಜಿ. ಅದನ್ನ ಕುಡೀದೆ ಎದ್ದು ಹೋದ್ರೆ ಮನೆಯವ್ರ ಜೊತೆ ಮುನಿಸ್ಕೊಂಡ ಹಾಗಂತೆ." ಮೂರನೆಯದರ ಬಣ್ಣ ನೋಡಿ ಅಜ್ಜಿ "ಆಶೀರ್ವಾದ ಭಾಳ ತೆಳ್ಳಗೈತಿ" ಎಂದಳು. ಆದರೆ ಕುಡಿದಳು.

ಆಮೇಲೆ ಭಾನುವಾರಗಳೆಲ್ಲ ಹಾಗೇ. ನಂಜಮ್ಮನವರು ತಮ್ಮ ಹಸುವಿನ ಹುಲ್ಲು ಯಾರು ಕೊಯ್ಯುತ್ತಿದ್ದಾರೆಂದು ಜಗಳಕ್ಕೆ ಬಂದವರು ಒಂದು ಬಟ್ಟಲು ಕುಡಿದು, ಎರಡು ಕುಡಿದು, ಮೂರನೆಯದಕ್ಕೆ ಜಗಳ ಮರೆತು, ಮುಂದಿನ ವಾರದಿಂದ ತಾವೇ ಹುಲ್ಲು ತರತೊಡಗಿದರು. ಹನ್ನಾ ತನ್ನ ಊರಿನ ಹುಳಿ ದೋಸೆಯಂಥದ್ದಕ್ಕೆ ಹಿಟ್ಟು ಹುಡುಕುತ್ತಿದ್ದಾಗ ರಾಗಿ ಹಿಟ್ಟು ಕೊಟ್ಟವರೂ ಅವರೇ. ರಾಗಿ ಗೆದ್ದಿತೆಂದು ಅವರು ಬೀಗಿದರು, ಜೋಳ ಸೋತಿತೆಂದು ಅಜ್ಜಿ ಎರಡು ದಿನ ಬೇಜಾರಿನಲ್ಲಿದ್ದಳು. ಹನ್ನಾ ಕನ್ನಡ ಕಲಿತಳು, ಆದರೆ ಕಲಿಸಿದವಳು ಅಜ್ಜಿ. ಆಟೋದವರು ಹಿಂತಿರುಗಿ ನೋಡಿ "ನೀವು ಹುಬ್ಳಿ ಕಡೆಯೋರಾ ಮೇಡಂ?" ಎಂದು ಕೇಳುತ್ತಿದ್ದರು. ಅವಳು "ಅಲ್ರಿ, ಗದಗ" ಎನ್ನುತ್ತಿದ್ದಳು. ಚೀಲಕ್ಕೆ ಸೀರೆ ತುಂಬುವುದನ್ನು ಅಜ್ಜಿ ಯಾವಾಗ ನಿಲ್ಲಿಸಿದಳೋ ನಮಗೆ ಯಾರಿಗೂ ತಿಳಿಯಲೇ ಇಲ್ಲ.

ಗುಟ್ಟು ಒಡೆದದ್ದು ಅಂಥದೇ ಒಂದು ಭಾನುವಾರ, ಎರಡನೇ ಬಟ್ಟಲಿನ ಹೊತ್ತಿಗೆ. ಹನ್ನಾ ಬಗ್ಗಿ ಅಜ್ಜಿಗೆ ಕಾಫಿ ಸುರಿಯುತ್ತಿದ್ದಳು. ದಾರ ಅಂಗಿಯಿಂದ ಹೊರಕ್ಕೆ ಜಾರಿ, ಅದರ ತುದಿಯ ಪುಟ್ಟ ಮರದ ಶಿಲುಬೆ ಅಜ್ಜಿಯ ಮೂಗಿನ ಮುಂದೆಯೇ ತೂಗಾಡಿತು. ಅಜ್ಜಿ ಅದನ್ನು ನೋಡಿದಳು. ಬಟ್ಟಲನ್ನು ಹುಲ್ಲಿನ ಮೇಲಿಟ್ಟಳು. ಮೂರನೆಯದಕ್ಕೆ ಕಾಯದೆ, ಗೋಡೆ ಹಿಡಿದು ಎದ್ದು, ಯಾವ ದೇವರನ್ನೂ ಕರೆಯದೆ ಮೆಟ್ಟಿಲಿಳಿದು ಹೋದಳು. ಹೂಜಿ ಹಿಡಿದ ಕೈ ಹಾಗೇ ನಿಂತಿತ್ತು. ಹನ್ನಾ ಏನನ್ನೂ ಮುಚ್ಚಿಟ್ಟಿರಲಿಲ್ಲ, ಯಾರೂ ಕೇಳಿರಲಿಲ್ಲ ಅಷ್ಟೆ.

ಕೆಳಗೆ ಅಜ್ಜಿ ಅಪ್ಪನಿಗೆ ಆಜ್ಞೆ ಮಾಡಿದಳು: ಬರುವ ಭಾನುವಾರದೊಳಗೆ ಕೋಣೆ ಖಾಲಿಯಾಗಬೇಕು. ಅಜ್ಜಿಯೇ ಕಲಿಸಿದ ಕನ್ನಡದಲ್ಲಿ ಹೇಳಲು ನಾಚಿಕೆಯಾಗಿ, ಅಪ್ಪ ಇಂಗ್ಲಿಷಿನಲ್ಲಿ ಹೇಳಲು ಕನ್ನಡಿಯ ಮುಂದೆ ಅಭ್ಯಾಸ ಮಾಡಿದ. "ಯೂ ಸೀ, ಮೈ ಮದರ್" ಎಂಬಲ್ಲಿಗೆ ಅವನ ಇಂಗ್ಲಿಷೂ ಧೈರ್ಯವೂ ಒಟ್ಟಿಗೆ ಮುಗಿಯುತ್ತಿದ್ದವು. ಸಂಜೆ ಮೆಟ್ಟಿಲು ಹತ್ತುವನು, ಹನ್ನಾ ಬಾಗಿಲು ತೆರೆದರೆ ನೀರಿನ ಟ್ಯಾಂಕು ನೋಡಲು ಬಂದೆ ಎನ್ನುವನು. ಆ ವಾರ ನಮ್ಮ ಟ್ಯಾಂಕನ್ನು ನೋಡಿದಷ್ಟು ಬೆಂಗಳೂರಿನ ಇನ್ಯಾವ ಟ್ಯಾಂಕನ್ನೂ ಯಾರೂ ನೋಡಿರಲಿಕ್ಕಿಲ್ಲ. ಹನ್ನಾಗೆ ಹೇಳದೆಯೇ ಅರ್ಥವಾಗಿತ್ತು. ಮೇಲೆ ಪೆಟ್ಟಿಗೆ ಎಳೆಯುವ ಸದ್ದು ಕೇಳಿದಾಗ ಅಜ್ಜಿ ಜಪಮಣಿಯನ್ನು ಇನ್ನೂ ಜೋರಾಗಿ ತಿರುಗಿಸುತ್ತಿದ್ದಳು.

ನಂಜಮ್ಮನವರು ಗೇಟಿನ ಹತ್ತಿರ ಬಂದು ನಿಂತರು. "ಏನವ್ವ ಗಂಗವ್ವ, ಮ್ಯಾಗಳ ಹುಡುಗೀನ ಓಡುಸ್ತೀಯಂತೆ?"

"ಆಕಿ ನಮ್ಮಾಕಿ ಅಲ್ಲ" ಎಂದಳು ಅಜ್ಜಿ.

"ನೀನೇನು ನಮ್ಮೋಳಾ? ನಮ್ ಹೊಲದಾಗೆ ಮನೆ ಕಟ್ಕಂಡು ಕುಂತಿದ್ದೀಯ. ನಾವು ಒಂದು ದಿನಾನಾದ್ರೂ ಏನಾದ್ರು ಅಂದ್ವಾ?"

ಅವರು ಅದನ್ನು ದಿನಾ ಅನ್ನುತ್ತಿದ್ದರು ಎಂಬುದು ಬೇರೆ ಮಾತು. ಅಜ್ಜಿ ಒಳಗೆ ಬಂದಳು.

ಭಾನುವಾರ ಬೆಳಿಗ್ಗೆ ಅಜ್ಜಿ ಸ್ನಾನ ಮಾಡಿ ಲಿಂಗಪೂಜೆಗೆ ಕೂತಳು. ಇಷ್ಟು ದಿನ ಮೈಲಿಗೆಯಾದ ಮನೆಗೆ ಮಗನೂ ಕೂತು ಪೂಜೆ ಮಾಡಬೇಕೆಂದು ಅಪ್ಪನನ್ನು ಕರೆದಳು. ಅಪ್ಪ ಪಂಚೆ ಉಟ್ಟು ಬಂದು ಕೂತ.

"ನಿನ್ನ ಲಿಂಗ ಎಲ್ಲಿ?"

ಅಪ್ಪ ಕೊರಳು ಮುಟ್ಟಿ ನೋಡಿಕೊಂಡ, ಅಲ್ಲಿ ಬನಿಯನ್ ಮಾತ್ರ ಇತ್ತು. "ಲಾಕರ್‌ನಾಗ ಐತಿ, ಯವ್ವಾ. ಲಿಂಗದ ಕರಡಿಗಿ ಬೆಳ್ಳೀದು ನೋಡು, ಈ ಕಡೆ ಕಳ್ಳರ ಕಾಟ ಭಾಳ."

"ಹೋಗಿ ತಗೊಂಬಾ."

"ಇವತ್ತ ಬ್ಯಾಂಕ್ ಬಂದ್."

ಅಜ್ಜಿ ಅಂಗೈಯಲ್ಲಿದ್ದ ತನ್ನ ಲಿಂಗವನ್ನು ನೋಡಿದಳು. ಆಮೇಲೆ ಅಪ್ಪನನ್ನು ನೋಡಿದಳು. "ನಿಂದು ಬ್ಯಾಂಕಿನ್ಯಾಗ ಐತಿ. ಆಕೀದು ಕೊರಳಾಗ ಐತಿ. ಈಗ ಯಾರನ್ನ ಮನೀ ಬಿಡಸ್ಲಿ, ನೀನ ಹೇಳು."

ಅಜ್ಜಿ ನನ್ನನ್ನು ಕರೆದುಕೊಂಡು ಮೆಟ್ಟಿಲು ಹತ್ತಿದಳು, ಈ ಸಲ ದೇವರುಗಳನ್ನೆಲ್ಲ ಕರೆಯುತ್ತಾ. ಕೋಣೆಯಲ್ಲಿ ಪೆಟ್ಟಿಗೆ ತುಂಬಿತ್ತು, ಹೂಜಿಯನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಳು. ಅಜ್ಜಿ ಎಂದಿನ ಜಾಗದಲ್ಲಿ, ಹುಲ್ಲಿಲ್ಲದ ಬರಿಯ ನೆಲದ ಮೇಲೆ ಕೂತು ಹೇಳಿದಳು: "ಹನ್ನವ್ವಾ, ಮೊನ್ನೀದು ಮೂರನೇದು ಉಳದೈತಿ."

ಮೊದಲೆರಡು ಇಲ್ಲದೆ ಮೂರನೆಯದು ಬರುವುದಿಲ್ಲವೆಂದು ಹನ್ನಾ ಅಳುತ್ತಾ ಹೇಳಿದಳು. ಹಾಗಾದರೆ ಮೊದಲಿಂದ ಶುರು ಮಾಡು, ನನಗೇನೂ ಅವಸರವಿಲ್ಲ, ಪುಡಿ ಮಾತ್ರ ಕಡಿಮೆ ಹಾಕಬೇಡ ಎಂದು ಅಜ್ಜಿ ಎಂದಳು. ಅವತ್ತು ಮೂರನೆಯದು ಮುಗಿಯುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಅಪ್ಪನೂ ಬಾಗಿಲಲ್ಲಿ ನಿಂತು ಕುಡಿದ, ಟ್ಯಾಂಕಿನ ಮಾತೆತ್ತಲಿಲ್ಲ. ನನ್ನ ಬಾಲ್ಯದಲ್ಲಿ ಅಷ್ಟು ಸುಖವಾದ ಬೆಳಗು ಇನ್ನೊಂದಿಲ್ಲ.

ಓದು ಮುಗಿದ ಮೇಲೆ ಹನ್ನಾ ತನ್ನ ದೇಶಕ್ಕೆ ಹೋದಳು. ಹೂಜಿಯನ್ನು ಅಜ್ಜಿಗೆ ಬಿಟ್ಟುಹೋದಳು. ಕೆಲವು ಸಲ ಫೋನು ಬಂತು. ಆಮೇಲೆ ನಂಬರು ಬದಲಾಯಿತೋ, ಅಲ್ಲೇನಾಯಿತೋ, ನಿಂತುಹೋಯಿತು. ಈಗಲೂ ಆ ದೇಶದ ಹೆಸರು ಸುದ್ದಿಯಲ್ಲಿ ಕೇಳಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ನಿಲ್ಲುತ್ತೇನೆ. ಅಜ್ಜಿ ಮಾತ್ರ ಭಾನುವಾರ ಬಿಡಲಿಲ್ಲ. ಕಾಫಿಗೆ ಶುಂಠಿ, ಬೆಲ್ಲ ಸೇರಿಸಿಕೊಂಡಳು, ಲೋಬಾನವನ್ನು ಮೊದಲು ದೇವರಿಗೆ ತೋರಿಸಿದಳು, ನಂಜಮ್ಮನವರ ಹುಲ್ಲು ತಪ್ಪಿದ ದಿನ ನಾಲ್ಕು ಗರಿಕೆಯಲ್ಲೇ ಮುಗಿಸಿದಳು. ಊರಿನಿಂದ ಬಂದ ನೆಂಟರನ್ನು ಮೂರನೆಯದು ಕುಡಿಯುವವರೆಗೆ ಬಿಡುತ್ತಿರಲಿಲ್ಲ; ಹಾಗೆ ಎಷ್ಟೋ ಮಂದಿ ಗದಗಿನ ಬಸ್ಸು ತಪ್ಪಿಸಿಕೊಂಡರು. ಅವಳು ತೀರಿಕೊಂಡಾಗ ಊರಿಗೆ ಒಯ್ದು ಮಣ್ಣು ಮಾಡಿದೆವು. ಎಡೆ ಇಡುವ ದಿನ ಅಪ್ಪ ಹೋಳಿಗೆಯ ಪಕ್ಕದಲ್ಲಿ ಮೂರು ಪುಟ್ಟ ಬಟ್ಟಲು ಕಾಫಿ ಇಟ್ಟ. ಇದೇನೆಂದು ಹಿರಿಯರು ಕೇಳಿದ್ದಕ್ಕೆ "ನಮ್ಮವ್ವನ ಪದ್ಧತಿ" ಎಂದಷ್ಟೇ ಹೇಳಿದ. ಮನೆ ಮಾರಿದಾಗ ಸಾಮಾನು ಸಾಗಿಸುವ ಗಡಿಬಿಡಿಯಲ್ಲಿ ಹೂಜಿ ಒಡೆದುಹೋಯಿತು. ಅದಕ್ಕೆ ನಾನು ಅತ್ತಷ್ಟು ಮನೆಗೆ ಅಳಲಿಲ್ಲ.

ಹೋದ ವರ್ಷ ಗದಗಿನ ಹತ್ತಿರ, ಅಪ್ಪನ ದೊಡ್ಡಪ್ಪನ ಕಡೆಯವರ ಮನೆಗೆ ಹೋಗಿದ್ದೆ. ನಾನು ಹಿಂದೆಂದೂ ನೋಡಿರದ ಸೊಸೆಯೊಬ್ಬಳು ಲೋಬಾನ ಹಾಕಿ, ಸ್ಟೀಲಿನ ಪುಟ್ಟ ಲೋಟಗಳಲ್ಲಿ ಕಾಫಿ ತಂದಳು. ಮತ್ತೊಂದು ಸಲ ತಂದಳು. ಬಸ್ಸಿನ ಹೊತ್ತಾಯಿತೆಂದು ನಾನು ಎದ್ದೆ.

"ಮೂರನೇದು ಬಿಟ್ಟು ಏಳಬಾರದ್ರಿ, ಅಕ್ಕಾರ. ನಮ್ಮ ಮನಿತನದಾಗ ಹಿಂದಿನಿಂದ ಬಂದ ಪದ್ಧತಿ ಐತ್ರಿ."

ಯಾರ ಕಾಲದಿಂದ ಎಂದು ಕೇಳಿದೆ. ಅವಳು ಸೆರಗು ಸರಿಮಾಡಿಕೊಂಡು, ಭಕ್ತಿಯಿಂದಲೇ ಹೇಳಿದಳು: "ಹನ್ನವ್ವ ಅಂತ ಒಬ್ಬಾಕಿ ಹಿರೇ ಹೆಣ್ಮಗಳು ಇದ್ಲಂತ್ರಿ, ನಿಮ್ಮಜ್ಜಿ ಪೈಕಿ. ಭಾಳ ಉಪಾಸ ಮಾಡಾಕೀಯಂತ."

ನಾನು ಮತ್ತೆ ಕೂತೆ. ಹೊರಗೆ ಬಸ್ಸು ಹಾರ್ನ್ ಹೊಡೆದು ಹೋಯಿತು. ಅವಳು ಮೂರನೆಯದನ್ನು ತಂದು ಕೈಗಿತ್ತಳು. ಅದು ಭಾಳ ತೆಳ್ಳಗಿತ್ತು.