ನನ್ನದೆಂದ ಗೂಡುದೀಪ

ಮದುವೆಯಾಗಿ ಉಡುಪಿಯಿಂದ ಡೊಂಬಿವಲಿಗೆ ಬಂದ ಮೇಲಿನ ಮೂರನೆಯ ದೀಪಾವಳಿ ಅದು. ನಮ್ಮ ಕಟ್ಟಡದ ಹಿಂದಿನ ಚಾಳಿನಲ್ಲಿ, ಆ ಒಂದೊಂದೇ ಕೋಣೆಯ ಸಾಲುಮನೆಗಳಲ್ಲಿ, ಒಂದು ಬಾಗಿಲಿಗೆ ತೂಗುಹಾಕಿದ್ದ ಗೂಡುದೀಪ ಉಳಿದವುಗಳ ಹಾಗಿರಲಿಲ್ಲ. ಅದರ ಕೆಂಪು, ಹಳದಿ, ನೀಲಿ ಕಾಗದದ ತುಂಬ ಕೂದಲೆಳೆಯಂಥ ಕಪ್ಪು ಬಿರುಕುಗಳು. ಒಳಗೆ ಬಲ್ಬು ಹೊತ್ತಿದಾಗ ಇಗರ್ಜಿಯ ಕಿಟಕಿಯ ಬಣ್ಣದ ಗಾಜಿನಂತೆ ಕಾಣುತ್ತಿತ್ತು. ಎರಡು ದಿನ ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಮೂರನೆಯ ದಿನ ಇಳಿದುಹೋಗಿ ಕೇಳಿಯೇಬಿಟ್ಟೆ.

ಮಾಡಿದವಳು ಗುಲಬರ್ಗಾ ಕಡೆಯವಳು, ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಅವಳ ಗಂಡ ಅಂಬರನಾಥದಲ್ಲಿ ಮದುವೆ ಕಾರ್ಡು ಮಾಡುವ ಕಾರ್ಖಾನೆಯಲ್ಲಿ ಡೈ ಮೆಷಿನ್ ನಡೆಸುತ್ತಿದ್ದ. ಉಕ್ಕಿನ ಅಲಗು ಕೂರಿಸಿದ ಅಚ್ಚು ಅದು. ಒಮ್ಮೆ ಒತ್ತಿದರೆ ದಪ್ಪ ಕಾಗದದಲ್ಲಿ ಹೂವು, ಬಳ್ಳಿ, ನವಿಲಿನ ಆಕಾರದ ಕಿಂಡಿಗಳು ಕತ್ತರಿಸಿ ಬೀಳುತ್ತವೆ. ಅಂಚು ತಪ್ಪಿ ಕೆಟ್ಟ ಹಾಳೆಗಳನ್ನು ಅವನು ಮನೆಗೆ ತರುತ್ತಿದ್ದ. ಇವಳು ಆ ಕಿಂಡಿಗಳ ಹಿಂದೆ ತನ್ನ ಬಿರುಕಿನ ಕಾಗದ ಅಂಟಿಸಿ ದೀಪ ಮಾಡುತ್ತಿದ್ದಳು.

ಕೇಳಿದ್ದಕ್ಕೆ ಏನನ್ನೂ ಮುಚ್ಚಿಡದೆ ಕಲಿಸಿದಳು.

"ಮೊದ್ಲ ಬಣ್ಣ ಹಚ್ರಿ, ಅಕ್ಕಾರ. ಒಣಗಿದ ಮ್ಯಾಲ ಮೇಣ ಕಾಸಿ ಬಳೀರಿ. ಆಮ್ಯಾಲ ಕೈಯಾಗ ಹಿಡದು ಮುದ್ದಿ ಮಾಡ್ರಿ. ಅಂಜಬ್ಯಾಡ್ರಿ, ಹರಿಯಂಗಿಲ್ಲ."

ಮುದ್ದೆ ಮಾಡಿದ ಕಾಗದವನ್ನು ಬಿಡಿಸಿ ಮೇಲೆ ಕಪ್ಪು ಶಾಯಿ ಸವರಿದರೆ, ಮೇಣ ಒಡೆದ ಕಡೆ ಮಾತ್ರ ಶಾಯಿ ಇಳಿಯುತ್ತದೆ. ಒರೆಸಿ, ಹಳೆಯ ಪೇಪರಿನ ನಡುವೆ ಇಟ್ಟು ಇಸ್ತ್ರಿ ಮಾಡಬೇಕು. ಮೇಣ ಕುಡಿದ ಕಾಗದ ಬೆಳಕು ಬಿಡುತ್ತದೆ. ಮುದ್ದೆ ಮಾಡುವ ಮುಂಚೆ ಅವಳು ಅದನ್ನು ಮಡಕೆಯ ನೀರಿನಲ್ಲಿ ಅದ್ದುತ್ತಿದ್ದಳು. ಯಾಕೆಂದು ನಾನು ಕೇಳಲಿಲ್ಲ. ಆ ಚಳಿಗಾಲದಲ್ಲಿ ಅದ್ದದೆ ಮಾಡಿದರೂ ನನಗೆ ಬಿರುಕು ಚೆನ್ನಾಗಿಯೇ ಬರುತ್ತಿತ್ತು.

ಮೇ ತಿಂಗಳಲ್ಲಿ ನಮ್ಮ ಕನ್ನಡ ಮಹಿಳಾ ಮಂಡಳಿಯವರು ಕೈಕೆಲಸಗಳ ಪ್ರದರ್ಶನ ಇಟ್ಟರು. ನಾನು ಆರು ದೀಪ ಒಯ್ದೆ. ಅವುಗಳಲ್ಲಿ ನಾಲ್ಕು ಅವಳು ಮಾಡಿದವು. "ನೀನೂ ಬಾ, ಎಲ್ಲರಿಗೂ ನಿನ್ನ ಪರಿಚಯ ಮಾಡಿಸ್ತೇನೆ," ಎಂದು ನಾನೇ ಕರೆದಿದ್ದೆ. ಅವಳು ಇಸ್ತ್ರಿ ಮಾಡಿದ ಸೀರೆಯುಟ್ಟು, ಚಾಳಿನ ಇನ್ನಿಬ್ಬರು ಹೆಂಗಸರನ್ನೂ ಕರೆದುಕೊಂಡು ಬಂದು ಸಭಾಂಗಣದ ಹಿಂದಿನ ಗೋಡೆಗೆ ಒರಗಿ ನಿಂತಳು.

ಮಂಡಳಿಯ ಅಧ್ಯಕ್ಷೆ ದೀಪ ಎತ್ತಿ ನೋಡಿದರು. "ಎಷ್ಟು ಚಂದ ಮಾರಾಯ್ತಿ. ಯಾರ ಹತ್ರ ಕಲ್ತದ್ದು?"

ಸುತ್ತ ನನ್ನ ಬಳಗದ ಹೆಂಗಸರೆಲ್ಲ ಇದ್ದರು. ಹಿಂದಿನ ಚಾಳಿನವಳ ಹತ್ತಿರ ಕಲಿತೆ ಎನ್ನಲು ನಾಲಿಗೆ ಏಳಲಿಲ್ಲ.

"ಯಾರ ಹತ್ರವೂ ಇಲ್ಲ. ಹೀಗೇ ಮಾಡ್ತಾ ಮಾಡ್ತಾ ಬಂತು," ಎಂದೆ.

"ಹಾಗಾದ್ರೆ ನಮಗೂ ಒಮ್ಮೆ ಮಾಡಿ ತೋರಿಸು."

ಸ್ಟೋವ್ ಬಂತು, ಮೇಣದಬತ್ತಿ ಬಂತು. ನಾನು ಕಾಗದಕ್ಕೆ ಮೇಣ ಬಳಿದು ಮುದ್ದೆ ಮಾಡಿದೆ. ಆ ಸೆಕೆಗೆ ಮೇಣ ಮೆತ್ತಗೇ ಇತ್ತು. ಒಡೆಯದೆ ಬರೀ ಸುಕ್ಕುಗಟ್ಟಿತು. ಶಾಯಿ ಮೇಲೆಯೇ ಜಾರಿತು. ಇನ್ನೊಂದು ಹಾಳೆ ತೆಗೆದುಕೊಂಡೆ. ಅದೂ ಹಾಗೇ ಆಯಿತು. ಯಾರೋ ಮೆಲ್ಲಗೆ ನಕ್ಕರು. ನನ್ನ ಬೆರಳುಗಳು ಕಪ್ಪಾಗಿದ್ದವು.

ಆಗ ಅವಳು ಗೋಡೆ ಬಿಟ್ಟು ಮುಂದೆ ಬಂದಳು. ಶರಬತ್ತಿನ ಮೇಜಿನಿಂದ ಐಸ್ ನೀರಿನ ಪಾತ್ರೆ ತಂದು ನನ್ನ ಮುಂದಿಟ್ಟಳು.

"ಅಕ್ಕಾರ, ನೀರಾಗ ಅದ್ದೂದು ಮರ್ತ್ರಿ ನೋಡ್ರಿ. ನೀವ ಹೇಳಿದ್ರಲ್ಲ, ಮೇಣ ಬಿರುಸಾಗಬೇಕಂತ."

ನಾನೆಂದೂ ಹಾಗೆ ಹೇಳಿರಲಿಲ್ಲ. ಅವಳು ನನ್ನ ಮುಖ ನೋಡದೆ ಹಿಂದೆ ಹೋಗಿ ನಿಂತಳು. ಮೂರನೆಯ ಹಾಳೆ ಚಟಚಟನೆ ಬಿರಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಗಲಾದರೂ ಅವಳನ್ನು ತೋರಿಸಿ ಒಂದು ಮಾತು ಹೇಳಬಹುದಿತ್ತು. ನಾನು ಇಸ್ತ್ರಿಪೆಟ್ಟಿಗೆ ಕೇಳಿದೆ.

ಮರುದಿನ ಅವಳ ನಾಲ್ಕು ದೀಪಗಳನ್ನು ಕೊಡಲು ಹೋದೆ. ತಪ್ಪೊಪ್ಪಿಕೊಳ್ಳಬೇಕೆಂದು ಮೆಟ್ಟಿಲು ಇಳಿಯುವಾಗ ಮಾತು ಜೋಡಿಸಿಕೊಂಡಿದ್ದೆ. ಅವಳು ಚಹಾ ಕೊಟ್ಟಳು.

"ಅಕ್ಕಾರು ನಿನ್ನ ಹೆಸರ ಯಾಕ ಹೇಳಲಿಲ್ಲ ಅಂತ ನನ್ನ ಕೂಡ ಬಂದಿದ್ದ ಇಬ್ಬರೂ ದಾರಿ ತುಂಬಾ ಕೇಳಿದ್ರು," ಎಂದಳು. "ಗಡಿಬಿಡ್ಯಾಗ ಮರ್ತಿರಬೇಕು ಅಂದೆ ನಾ."

"ಹೌದು, ಮರೆತೇ ಹೋಯ್ತು," ಎಂದೆ.

ಅವಳು ತಲೆಯಾಡಿಸಿದಳು, ಅಷ್ಟೇ. ಆಮೇಲೆ ಎದುರಾದಾಗ ಮಾತಾಡಿಸುತ್ತಿದ್ದಳು, ನಗುತ್ತಿದ್ದಳು. ಆದರೆ ಹೊಸದಾಗಿ ಏನು ಮಾಡಿದರೂ ತೋರಿಸಲು ಕರೆಯಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಅವರು ಕೋಪರಖೈರಣೆಗೆ ಮನೆ ಬದಲಿಸಿದರು. ಆ ದಿನ ನಾನು ತವರಿನಲ್ಲಿದ್ದೆ; ವಿಳಾಸ ಯಾರಲ್ಲೂ ಇರಲಿಲ್ಲ.

ಮರುವರ್ಷ ಅಧ್ಯಕ್ಷೆಗೆ ನಿಜ ಹೇಳಿದೆ. "ಹೌದಾ? ಇರ್ಲಿ ಬಿಡು, ಈಗ ಅದೆಲ್ಲ ಯಾರಿಗೆ ನೆನಪುಂಟು," ಎಂದರು. ನನಗೆ ಹಗುರವಾಗಲಿಲ್ಲ. ಹೇಳಬೇಕಾದದ್ದು ಅವರಿಗಲ್ಲವೆಂದು ನನಗೆ ಗೊತ್ತಿತ್ತು.